ಶಾಲೆಯಿಂದ ‘ಟೈಟಲ್ ಒನ್’ ಪತ್ರ ಬಂದಿದೆಯಾ? ಸಹಿ ಹಾಕುವ ಮೊದಲು ಇಷ್ಟು ತಿಳಿದುಕೊಳ್ಳಿ

ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಅಮೆರಿಕದಲ್ಲಿ ಮಕ್ಕಳ ಬ್ಯಾಗಿನಿಂದ ಕಾಗದಗಳ ಕಟ್ಟೇ ಹೊರಬೀಳುತ್ತದೆ. ಊಟದ ಅರ್ಜಿ, ಬಸ್ಸಿನ ವೇಳಾಪಟ್ಟಿ, ಫೋಟೊ ತೆಗೆಯುವ ದಿನದ ಚೀಟಿ. ಅವುಗಳ ನಡುವೆ ಇನ್ನೊಂದು ಪತ್ರ: ‘ನಮ್ಮದು ಟೈಟಲ್ ಒನ್ ಶಾಲೆ’ ಅಂತಲೋ, ‘ನಿಮ್ಮ ಮಗುವನ್ನು ಓದಿನ ಹೆಚ್ಚುವರಿ ನೆರವಿಗೆ ಆರಿಸಿದ್ದೇವೆ’ ಅಂತಲೋ ಇರುತ್ತದೆ. ಅಲ್ಲಿ ನೆಲೆಸಿರುವ ನಮ್ಮ ಅಪ್ಪ ಅಮ್ಮಂದಿರಿಗೆ ಇದನ್ನು ಓದಿದ ಕೂಡಲೇ ಎರಡು ಅನುಮಾನ. ಇದೇನು ಬಡವರ ಶಾಲೆಯಾ? ನಮ್ಮ ಮಗು ದಡ್ಡ ಅಂತ ಹೇಳ್ತಿದ್ದಾರಾ?

ಎರಡನೆಯದಕ್ಕೆ ಉತ್ತರ ಖಂಡಿತ ಇಲ್ಲ. ಮೊದಲನೆಯದಕ್ಕೆ ಸ್ವಲ್ಪ ವಿವರ ಬೇಕು. ಅದು ಗೊತ್ತಾದರೆ ಈ ಪತ್ರ ಅವಮಾನ ಅನ್ನಿಸುವುದಿಲ್ಲ. ಶಾಲೆಯನ್ನು ಪ್ರಶ್ನೆ ಕೇಳಲು ನಿಮಗೆ ಎಷ್ಟು ಅಧಿಕಾರವಿದೆ ಅನ್ನುವುದೂ ಅದರಿಂದಲೇ ತಿಳಿಯುತ್ತದೆ.

ದುಡ್ಡು ಯಾರದು, ಯಾಕೆ?

ಅಮೆರಿಕದ ಸರ್ಕಾರಿ ಶಾಲೆಗಳು ನಡೆಯುವುದು ಬಹುಪಾಲು ರಾಜ್ಯದ ಹಣದಿಂದ ಮತ್ತು ಆ ಊರಿನ ಆಸ್ತಿ ತೆರಿಗೆಯಿಂದ. ಮನೆಗಳ ಬೆಲೆ ಜಾಸ್ತಿ ಇರುವ ಕಡೆ ಶಾಲೆಯ ಕೈಯೂ ಬಿಗಿಯಿರುವುದಿಲ್ಲ. ಇಲ್ಲದ ಕಡೆ ಕಷ್ಟ. ಈ ಏರುಪೇರನ್ನು ಸ್ವಲ್ಪವಾದರೂ ತಗ್ಗಿಸಲು 1965ರ ಏಪ್ರಿಲ್ 11ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಶಿಕ್ಷಣ ಕಾಯ್ದೆಯೊಂದಕ್ಕೆ ಸಹಿ ಹಾಕಿದರು. ಅದೂ ಎಲ್ಲಿ? ಟೆಕ್ಸಾಸ್‌ನಲ್ಲಿ ತಾವು ಚಿಕ್ಕವರಿದ್ದಾಗ ಓದಿದ ಒಂದೇ ಕೊಠಡಿಯ ಶಾಲೆಯ ಹತ್ತಿರ, ತಮಗೆ ಅಕ್ಷರ ಕಲಿಸಿದ ಟೀಚರನ್ನು ಪಕ್ಕದಲ್ಲೇ ಕೂರಿಸಿಕೊಂಡು. ಅದರಲ್ಲಿ ರಾಜಕಾರಣಿಯ ಪ್ರದರ್ಶನ ಇರಲಿಲ್ಲ ಅಂತಲ್ಲ. ಆದರೆ ಜಾನ್ಸನ್ ಒಂದು ಕಾಲಕ್ಕೆ ಮೇಷ್ಟ್ರಾಗಿದ್ದವರು. ಕೊಟುಲ್ಲಾ ಎಂಬ ಊರಲ್ಲಿ ಮೆಕ್ಸಿಕೊ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ್ದವರು.

ಆ ಕಾಯ್ದೆಯ ಮೊದಲ ಭಾಗವೇ ಟೈಟಲ್ ಒನ್. ಈಗ ಜಾರಿಯಲ್ಲಿರುವುದು 2015ರಲ್ಲಿ ತಿದ್ದಿದ ರೂಪ. ಇದರಡಿ ಕೇಂದ್ರ ಸರ್ಕಾರ ವರ್ಷಕ್ಕೆ ಸುಮಾರು 1,800 ಕೋಟಿ ಡಾಲರ್ ಕೊಡುತ್ತದೆ. ಒಂದು ಷರತ್ತಿದೆ: ರಾಜ್ಯ ಮತ್ತು ಊರಿನ ಹಣದಲ್ಲಿ ಹೇಗೂ ಮಾಡಬೇಕಿದ್ದ ಕೆಲಸಕ್ಕೆ ಇದನ್ನು ಬಳಸುವಂತಿಲ್ಲ. ಇದು ಅದರ ಮೇಲೆ ಕೊಡುವ ಹಣ.

ಹಂತ 1: ಶಾಲೆ ಯಾವ ಬಗೆಯದು, ಕೇಳಿ

ಟೈಟಲ್ ಒನ್ ಶಾಲೆಗಳಲ್ಲಿ ಎರಡು ಬಗೆ. ಕಡಿಮೆ ಆದಾಯದ ಮನೆಗಳ ಮಕ್ಕಳು ಶೇ 40 ಅಥವಾ ಹೆಚ್ಚಿದ್ದರೆ ಆ ಹಣವನ್ನು ಇಡೀ ಶಾಲೆಗೆ ಬಳಸಬಹುದು. ಇದನ್ನು ‘ಸ್ಕೂಲ್‌ವೈಡ್’ ಅನ್ನುತ್ತಾರೆ. ಅಲ್ಲಿ ಎಲ್ಲ ಮಕ್ಕಳೂ ಫಲಾನುಭವಿಗಳೇ.

ಇನ್ನೊಂದು ‘ಟಾರ್ಗೆಟೆಡ್’. ಇಲ್ಲಿ ಓದಿನಲ್ಲಿ ಹಿಂದೆ ಬೀಳುವ ಅಪಾಯ ಕಂಡ ಮಕ್ಕಳನ್ನು ಮಾತ್ರ ಆರಿಸುತ್ತಾರೆ. ಗಮನಿಸಿ, ಶಾಲೆಗೆ ಹಣ ಬರುವುದು ಬಡತನದ ಲೆಕ್ಕದಲ್ಲಿ. ಆದರೆ ಅಲ್ಲಿ ಮಗುವನ್ನು ಆರಿಸುವುದು ಕಲಿಕೆಯ ಲೆಕ್ಕದಲ್ಲಿ. ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿರುವ ಮನೆಯ ಮಗುವಿಗೂ ಈ ನೆರವು ಸಿಗಬಹುದು. ‘ನಮಗ್ಯಾಕೆ ಇದು’ ಅಂತ ಸಂಕೋಚಪಟ್ಟು ವಾಪಸ್ ಕಳಿಸುವವರಿದ್ದಾರೆ. ಬೇಡ. ವೀಸಾದ ಚಿಂತೆಯೂ ಬೇಡ. ವಲಸೆ ಸ್ಥಿತಿ ನೋಡಿ ಮಗುವಿಗೆ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಮನೆ ಕೊಳ್ಳುವಾಗ ಶಾಲೆಯ ರೇಟಿಂಗ್ ನೋಡುವುದು ನಮ್ಮವರ ಮೊದಲ ಕೆಲಸ, ಅಲ್ವಾ? ಅಲ್ಲಿ ಟೈಟಲ್ ಒನ್ ಅಂತ ಕಂಡ ತಕ್ಷಣ ಪಟ್ಟಿಯಿಂದ ತೆಗೆದುಹಾಕುತ್ತಾರೆ. ಆ ಹೆಸರು ಅಲ್ಲಿ ಬರುವ ಮಕ್ಕಳ ಮನೆಯ ಆದಾಯದ ಬಗ್ಗೆ ಹೇಳುತ್ತದೆ, ಟೀಚರು ಹೇಗೆ ಪಾಠ ಮಾಡುತ್ತಾರೆ ಅನ್ನುವುದನ್ನಲ್ಲ. ರೀಡಿಂಗ್‌ಗೆಂದೇ ಪ್ರತ್ಯೇಕ ಶಿಕ್ಷಕರಿರುವ ಶಾಲೆಯನ್ನು ನೋಡದೆಯೇ ಬಿಡುವುದು ಜಾಣತನವಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹಂತ 2: ಮನೆಮಾತಿನ ಫಾರಂನಲ್ಲಿ ಸುಳ್ಳು ಬರೆಯಬೇಡಿ

ಶಾಲೆಗೆ ಸೇರಿಸುವಾಗಲೇ ಕೊಡುವ ಪುಟ್ಟ ಫಾರಂ ಇದು. ಮಗು ಮೊದಲು ಕಲಿತ ಮಾತು ಯಾವುದು? ಮನೆಯಲ್ಲಿ ಹೆಚ್ಚಾಗಿ ಯಾವ ಮಾತು? ಮಗು ಹೆಚ್ಚು ಆಡುವುದು ಯಾವುದು? ಇಂಥ ಮೂರ್ನಾಲ್ಕು ಪ್ರಶ್ನೆ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇದಕ್ಕೆ ಸಿದ್ಧ ಸಲಹೆಯೊಂದಿದೆ: ‘ಎಲ್ಲಾ ಕಡೆ ಇಂಗ್ಲಿಷ್ ಅಂತ ಬರೆದುಬಿಡಿ, ಇಲ್ಲಾಂದ್ರೆ ಇಎಸ್ಎಲ್‌ಗೆ ಹಾಕ್ತಾರೆ.’ ಇಎಸ್ಎಲ್ ಅಂದರೆ ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಪಾಠ.

ಅಜ್ಜಿಯ ಜೊತೆ ಕನ್ನಡದಲ್ಲೇ ಜಗಳವಾಡುವ ಮಗುವಿಗೆ ‘ಇಂಗ್ಲಿಷ್ ಮಾತ್ರ’ ಅಂತ ಬರೆದರೆ ಏನಾಗುತ್ತದೆ? ಪರೀಕ್ಷೆಯೂ ಇಲ್ಲ, ನೆರವೂ ಇಲ್ಲ. ಆಟದ ಮೈದಾನದ ಇಂಗ್ಲಿಷ್ ಮಕ್ಕಳಿಗೆ ಬೇಗ ಬರುತ್ತದೆ. ಪುಸ್ತಕದ ಇಂಗ್ಲಿಷ್ ನಿಧಾನ. ಒಂದು, ಎರಡನೇ ತರಗತಿಯಲ್ಲಿ ಮುಚ್ಚಿಹೋಗುವ ಕೊರತೆ, ವಿಜ್ಞಾನ ಸಮಾಜಗಳನ್ನು ಓದಿ ಅರ್ಥಮಾಡಿಕೊಳ್ಳಬೇಕಾದ ನಾಲ್ಕನೇ ತರಗತಿಯಲ್ಲಿ ಮೇಲೆ ಬರಬಹುದು.

ಕನ್ನಡ ಅಂತ ಬರೆದ ಮಾತ್ರಕ್ಕೆ ಯಾರೂ ಎಲ್ಲಿಗೂ ಹಾಕುವುದಿಲ್ಲ. ಮೊದಲು ಒಂದು ಪರೀಕ್ಷೆ. ಬಹಳಷ್ಟು ರಾಜ್ಯಗಳಲ್ಲಿ ವಿಡಾ ಎಂಬ ಒಕ್ಕೂಟದ್ದು, ಕ್ಯಾಲಿಫೋರ್ನಿಯಾದಲ್ಲಿ ಎಲ್ಪ್ಯಾಕ್. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಇವು ನೋಡುವ ನಾಲ್ಕು ವಿಷಯ. ಚೆನ್ನಾಗಿ ಮಾಡಿದರೆ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಶಾಲೆ ಶುರುವಾದ 30 ದಿನದೊಳಗೆ ನಿಮಗೆ ಪತ್ರ ಬರಬೇಕು. ಮಗುವಿನ ಮಟ್ಟ ಎಷ್ಟು, ಯಾವ ರೀತಿಯ ಪಾಠ, ಯಾವಾಗ ಹೊರಬರಬಹುದು ಎಲ್ಲವೂ ಅದರಲ್ಲಿರಬೇಕು. ವರ್ಷದ ನಡುವೆ ಸೇರಿದ್ದರೆ ಎರಡು ವಾರದೊಳಗೆ. ಬೇಡ ಎನ್ನುವ ಹಕ್ಕೂ ನಿಮಗಿದೆ. ಬೇಡ ಅಂದರೂ ವರ್ಷಕ್ಕೊಮ್ಮೆ ಇಂಗ್ಲಿಷ್ ಮಟ್ಟದ ಪರೀಕ್ಷೆ ತಪ್ಪುವುದಿಲ್ಲ.

ಇದಕ್ಕೆ ಕೇಂದ್ರ ಸರ್ಕಾರದ ಹಣ ಬರುವುದು ಅದೇ ಕಾಯ್ದೆಯ ಟೈಟಲ್ ತ್ರೀ ಎಂಬ ಭಾಗದಿಂದ. 2025ರ ಜುಲೈನಲ್ಲಿ ಈ ಹಣವನ್ನೂ, ಇನ್ನು ಕೆಲವು ಅನುದಾನಗಳನ್ನೂ ಕೇಂದ್ರ ಸರ್ಕಾರ ಕೆಲವು ವಾರ ತಡೆಹಿಡಿದು ಆಮೇಲೆ ಬಿಡುಗಡೆ ಮಾಡಿತು. ಹಾಗಾಗಿ ‘ಈ ವರ್ಷ ಇಎಸ್ಎಲ್ ಟೀಚರ್ ಎಷ್ಟು ಜನ ಇದ್ದಾರೆ?’ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಅಂದಹಾಗೆ, ಮನೆಯಲ್ಲಿ ಕನ್ನಡ ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಹಂತ 3: ಅಂಕಪಟ್ಟಿ ಸರಿಯಾಗಿ ಓದಿ

ಮಗುವನ್ನು ಯಾಕೆ ಆರಿಸಿದರು ಅನ್ನುವುದಕ್ಕೆ ಶಾಲೆ ಒಂದು ರಿಪೋರ್ಟ್ ತೋರಿಸುತ್ತದೆ. ಎಷ್ಟೋ ಕಡೆ ವರ್ಷಕ್ಕೆ ಮೂರು ಸಲ, ಅಂದರೆ ಶರತ್ಕಾಲ, ಚಳಿಗಾಲ, ವಸಂತದಲ್ಲಿ ಕಂಪ್ಯೂಟರ್ ಮೇಲೆ ಓದು ಮತ್ತು ಗಣಿತದ ಪರೀಕ್ಷೆ ನಡೆಯುತ್ತದೆ. ಅದರಲ್ಲಿ ‘38ನೇ ಪರ್ಸೆಂಟೈಲ್’ ಅಂತ ಇದೆ ಅಂದುಕೊಳ್ಳಿ. ಎಸ್ಸೆಸ್ಸೆಲ್ಸಿಯ 35ಕ್ಕೆ ಪಾಸು ಲೆಕ್ಕದಲ್ಲಿ ಬೆಳೆದ ನಮಗೆ ‘ಅಯ್ಯೋ, ಜಸ್ಟ್ ಪಾಸ್’ ಅನ್ನಿಸುತ್ತದೆ. ಹಾಗಲ್ಲ. ಅದೇ ತರಗತಿಯ 100 ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 38 ಮಕ್ಕಳಿಗಿಂತ ನಿಮ್ಮ ಮಗು ಮುಂದಿದೆ ಅಂತ ಅರ್ಥ. ನಡುಮಧ್ಯ 50. ಒಂದು ಸಲದ ಅಂಕಿಗಿಂತ ಮೂರು ಸಲದ ನಡುವೆ ಎಷ್ಟು ಏರಿದೆ ಅನ್ನುವುದು ಮುಖ್ಯ.

ಹಂತ 4: ಟೀಚರ್ ಜೊತೆ ಕೂತಾಗ ಇವನ್ನು ಕೇಳಿ

ಪೋಷಕರ ಸಭೆ ಹದಿನೈದು, ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ನಮ್ಮವರು ‘ಥ್ಯಾಂಕ್ಯೂ, ಮನೆಯಲ್ಲೂ ಹೇಳ್ಕೊಡ್ತೀವಿ’ ಅಂದು ಎದ್ದು ಬರುತ್ತಾರೆ. ಮೇಷ್ಟ್ರಿಗೆ ಎದುರು ಪ್ರಶ್ನೆ ಕೇಳಬಾರದು ಅಂತ ನಮ್ಮ ತಲೆಯಲ್ಲಿ ಕೂತಿದೆ. ಅಲ್ಲಿ ಕೇಳದಿದ್ದರೆ ‘ಇವರಿಗೆ ಎಲ್ಲಾ ಒಪ್ಪಿಗೆ’ ಅಂದುಕೊಳ್ಳುತ್ತಾರೆ.

ಈ ನೆರವು ವಾರಕ್ಕೆ ಎಷ್ಟು ದಿನ, ಎಷ್ಟು ನಿಮಿಷ ಅಂತ ಕೇಳಿ. ಗುಂಪಿನಲ್ಲಿ ಎಷ್ಟು ಮಕ್ಕಳು? ಪಾಠ ಮಾಡುವುದು ರೀಡಿಂಗ್‌ನಲ್ಲಿ ತರಬೇತಿ ಪಡೆದ ಶಿಕ್ಷಕರಾ, ಸಹಾಯಕರಾ? ಯಾವ ಕೌಶಲದ ಮೇಲೆ ಕೆಲಸ: ಅಕ್ಷರ ಕೂಡಿಸಿ ಓದುವುದಾ, ವೇಗವಾ, ಅರ್ಥವಾ? ‘ರೀಡಿಂಗ್ ಸ್ವಲ್ಪ ವೀಕ್’ ಅನ್ನುವುದು ಉತ್ತರವಲ್ಲ. ಎಷ್ಟು ವಾರಕ್ಕೊಮ್ಮೆ ಅಳೆದು ನೋಡುತ್ತೀರಿ, ಆ ಗ್ರಾಫ್ ನಮಗೂ ಕಳಿಸುತ್ತೀರಾ?

ಇನ್ನೊಂದು ಪ್ರಶ್ನೆ ಮರೆಯಬೇಡಿ: ಈ ನೆರವಿನ ಪಾಠಕ್ಕೆ ಮಗು ಹೊರಗೆ ಹೋದಾಗ ತರಗತಿಯಲ್ಲಿ ಏನು ತಪ್ಪುತ್ತದೆ? ಉಳಿದವರೆಲ್ಲ ಪ್ಲಾಸ್ಟಿಕ್ ಲೋಟಕ್ಕೆ ಮಣ್ಣು ತುಂಬಿ ಹುರುಳಿ ಬೀಜ ನೆಡುವ ಹೊತ್ತಿಗೇ ಬಾಗಿಲಲ್ಲಿ ಒಬ್ಬರು ಬಂದು ನಿಂತು ಹೆಸರು ಕರೆಯುತ್ತಾರೆ. ಮಗು ಎದ್ದು ಹೋಗಬೇಕು. ನಾಳೆಯಿಂದ ‘ಹೊಟ್ಟೆನೋವು’ ಶುರು. ಸಮಯ ಬದಲಿಸಿ ಅಂತ ಕೇಳಬಹುದು. ಶಿಕ್ಷಕರೇ ತರಗತಿಯೊಳಗೆ ಬಂದು ಪಕ್ಕದಲ್ಲಿ ಕೂತು ಹೇಳಿಕೊಡುವ ವ್ಯವಸ್ಥೆಯೂ ಕೆಲವು ಕಡೆ ಇದೆ.

ಹಂತ 5: ಕಾಯ್ದೆ ನಿಮಗೆ ಕೊಟ್ಟಿರುವುದನ್ನು ಬಳಸಿ

ಟೈಟಲ್ ಒನ್ ಶಾಲೆ ವರ್ಷಕ್ಕೊಮ್ಮೆ ಪೋಷಕರ ಸಭೆ ಕರೆದು ಈ ಕಾರ್ಯಕ್ರಮ ವಿವರಿಸಲೇಬೇಕು. ‘ಕಾಂಪ್ಯಾಕ್ಟ್’ ಎಂಬ ಒಡಂಬಡಿಕೆಯ ಕಾಗದವನ್ನೂ ಪೋಷಕರ ಜೊತೆ ಸೇರಿ ತಯಾರಿಸಬೇಕು. ಮನೆಯವರು ಏನು ಮಾಡಬೇಕು ಅನ್ನುವುದನ್ನು ಎಲ್ಲರೂ ಓದುತ್ತಾರೆ. ಶಾಲೆ ಏನು ಮಾಡುತ್ತೇನೆ ಅಂದಿದೆ, ಅದನ್ನು ಓದಿ. ಮಗುವಿನ ಟೀಚರ್‌ಗೆ ಏನು ಅರ್ಹತೆ ಇದೆ ಅಂತ ಕೇಳುವ ಹಕ್ಕೂ ಇದೆ. ಅರ್ಹತೆ ಇಲ್ಲದವರು ಸತತ ನಾಲ್ಕು ವಾರ ಪಾಠ ಮಾಡಿದರೆ ಶಾಲೆಯೇ ನಿಮಗೆ ತಿಳಿಸಬೇಕು.

ದುಡ್ಡಿನ ವಿಷಯ ಇನ್ನೊಂದಿದೆ. ಶಾಲಾ ಜಿಲ್ಲೆಗೆ, ಅಂದರೆ ಆ ಪ್ರದೇಶದ ಶಾಲೆಗಳನ್ನು ನಡೆಸುವ ಆಡಳಿತಕ್ಕೆ, 5 ಲಕ್ಷ ಡಾಲರ್‌ಗಿಂತ ಹೆಚ್ಚು ಟೈಟಲ್ ಒನ್ ಹಣ ಬಂದರೆ ಅದರಲ್ಲಿ ಕನಿಷ್ಠ ಶೇ 1 ಪೋಷಕರನ್ನು ತೊಡಗಿಸಿಕೊಳ್ಳಲೆಂದೇ ಖರ್ಚಾಗಬೇಕು. ಹೇಗೆ ಅನ್ನುವುದರಲ್ಲಿ ಪೋಷಕರ ಮಾತಿಗೆ ಜಾಗವಿದೆ. ಸಂಜೆಯ ಓದಿನ ಕಾರ್ಯಾಗಾರವನ್ನೋ ಸಭೆಗೆ ದುಭಾಷಿಯನ್ನೋ ಕೇಳಿ. ಸಭೆಯಲ್ಲಿ ಮಗುವನ್ನೇ ದುಭಾಷಿ ಮಾಡಿಕೊಳ್ಳಬೇಡಿ. ತನ್ನ ಬಗ್ಗೆ ಹೇಳಿದ್ದನ್ನು ಅದು ಹೇಗೆ ತಿರುಗಿಸುತ್ತದೆ ಅಂತ ನಿಮಗೇ ಗೊತ್ತು!

ಶಾಲೆ ಬಿಟ್ಟ ಮೇಲಿನ ಉಚಿತ ತರಗತಿಗಳಿಗೂ ಟೈಟಲ್ ಫೋರ್ ಎಂಬ ಬೇರೆ ಅನುದಾನವಿದೆ. ಜಾಗ ಬೇಗ ತುಂಬುತ್ತದೆ, ಮೊದಲ ವಾರವೇ ವಿಚಾರಿಸಿ.

ಹಂತ 6: ಸಾಲದು ಅನ್ನಿಸಿದರೆ ಬರೆದು ಕೊಡಿ

ತಿಂಗಳುಗಟ್ಟಲೆ ನೆರವು ಕೊಟ್ಟರೂ ಮಗು ಅಲ್ಲೇ ನಿಂತಿದೆ. ಅಕ್ಷರಗಳು ತಲೆಕೆಳಗಾಗುತ್ತವೆ, ನಿನ್ನೆ ಓದಿದ ಪದ ಇವತ್ತು ಹೊಸದು. ಆಗ ಟೈಟಲ್ ಒನ್ ಬಿಟ್ಟು ಇನ್ನೊಂದು ಕಾಯ್ದೆಯ ಬಾಗಿಲು ತಟ್ಟಬೇಕು. ಅದು 1975ರಲ್ಲಿ ಬಂದ, ಈಗ ಐಡಿಯಾ ಎಂದು ಕರೆಯುವ ವಿಶೇಷ ಶಿಕ್ಷಣದ ಕಾಯ್ದೆ. ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕೂ ಇದರ ವ್ಯಾಪ್ತಿಗೆ ಬರುತ್ತದೆ.

ಬಾಯಿಮಾತಲ್ಲಿ ಹೇಳಿದರೆ ‘ಇನ್ನೂ ಸ್ವಲ್ಪ ದಿನ ನೋಡೋಣ’ ಅನ್ನುವ ಉತ್ತರ ಬರುವುದೇ ಹೆಚ್ಚು. ಪ್ರಿನ್ಸಿಪಾಲರಿಗೆ ಈಮೇಲ್ ಬರೆಯಿರಿ. ಮಗುವಿನ ಹೆಸರು, ತರಗತಿ, ನೀವು ಕಂಡ ಎರಡು ಮೂರು ನಿರ್ದಿಷ್ಟ ತೊಂದರೆ, ಜೊತೆಗೆ ‘ವಿಶೇಷ ಶಿಕ್ಷಣಕ್ಕೆ ಅರ್ಹತೆ ಇದೆಯೇ ಎಂದು ಪೂರ್ತಿ ಮೌಲ್ಯಮಾಪನ ಮಾಡಿ’ ಅನ್ನುವ ಒಂದು ವಾಕ್ಯ. ಕೆಳಗೆ ದಿನಾಂಕ. ಇಷ್ಟು ಸಾಕು. ಶಾಲೆ ಒಪ್ಪದಿದ್ದರೆ ಕಾರಣವನ್ನು ಬರಹದಲ್ಲೇ ಕೊಡಬೇಕು. ಒಪ್ಪಿದರೆ ಒಂದು ಸಮ್ಮತಿ ಪತ್ರ ಕಳಿಸುತ್ತದೆ. ನೀವು ಸಹಿ ಹಾಕಿದ ದಿನದಿಂದ 60 ದಿನದಲ್ಲಿ ಮೌಲ್ಯಮಾಪನ ಮುಗಿಯಬೇಕು. ಕೆಲವು ರಾಜ್ಯಗಳು ತಮ್ಮದೇ ಗಡುವು ಇಟ್ಟುಕೊಂಡಿವೆ. ಟೆಕ್ಸಾಸ್‌ನಲ್ಲಿ ಅದು 45 ಶಾಲಾ ದಿನ. ಅರ್ಹತೆ ಸಿಕ್ಕರೆ ನಿಮ್ಮನ್ನೂ ಸಭೆಗೆ ಕರೆದು ಐಇಪಿ ಎಂಬ, ಆ ಮಗುವಿಗೆಂದೇ ರೂಪಿಸುವ ಕಲಿಕೆಯ ಯೋಜನೆ ತಯಾರಿಸುತ್ತಾರೆ. ಆ ಸಭೆಗೆ ನಿಮಗೆ ದುಭಾಷಿ ಬೇಕಿದ್ದರೆ ಒದಗಿಸುವುದು ಶಾಲೆಯ ಹೊಣೆ. ಕನ್ನಡ ಬಲ್ಲವರು ಆ ಊರಲ್ಲಿ ಇಲ್ಲ ಅಂದರೆ ಫೋನ್ ಮೂಲಕವಾದರೂ ಕೊಡಿಸಿ ಅನ್ನಿ.

ಮನೆಯಲ್ಲಿ ಕನ್ನಡ ಆಡುವ ಮಗುವಾದರೆ, ತೊಂದರೆ ಇಂಗ್ಲಿಷಿನದೋ ಕಲಿಕೆಯದೋ ಅನ್ನುವುದನ್ನು ಬಿಡಿಸಿ ನೋಡಲು ಹೇಳಿ. ಕನ್ನಡದಲ್ಲಿ ಕಥೆ ಹೇಳು ಅಂದಾಗ ಸರಾಗವಾಗಿ ಹೇಳುತ್ತದೋ, ಅಲ್ಲೂ ಪದಕ್ಕೆ ತಡಕಾಡುತ್ತದೋ? ಆ ಮಾಹಿತಿ ನಿಮ್ಮ ಹತ್ತಿರ ಮಾತ್ರ ಇದೆ. ಅದನ್ನೂ ಬರೆದು ಕೊಡಿ.

ಶಾಲೆ ಉತ್ತರವನ್ನೇ ಕೊಡದೆ ಎಳೆದಾಡಿದರೆ ಪ್ರತಿ ರಾಜ್ಯದಲ್ಲೂ ಪೋಷಕರ ತರಬೇತಿ ಮತ್ತು ಮಾಹಿತಿ ಕೇಂದ್ರ ಅಂತ ಕನಿಷ್ಠ ಒಂದಿದೆ. ಅದಕ್ಕೂ ಕೇಂದ್ರ ಸರ್ಕಾರದ್ದೇ ಹಣ, ಅಲ್ಲಿಯ ಸಲಹೆಗೆ ಶುಲ್ಕವಿಲ್ಲ. ಫೋನ್ ಮಾಡುವಾಗ ನೀವು ಕಳಿಸಿದ ಈಮೇಲಿನ ಪ್ರತಿ ಎದುರಿಗೆ ಇಟ್ಟುಕೊಳ್ಳಿ, ಮೊದಲು ಕೇಳುವುದೇ ಅದರ ದಿನಾಂಕ.