ಹಿನ್ನೀರಿನ ಕಡವಿನ ಚರಿತ್ರೆಯನ್ನು ಬರೆದಿಡುವ ಬಗೆ

ಸಾಗರ ತಾಲ್ಲೂಕಿನ ಅಂಬಾರಗೊಡ್ಲು ಮತ್ತು ಕಳಸವಳ್ಳಿಗಳ ನಡುವೆ ಶರಾವತಿಯ ಹಿನ್ನೀರಿಗೆ ಕಟ್ಟಿದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ತುಮರಿ, ಸಿಗಂದೂರು ಕಡೆಯವರ ಸಂತೆ, ಶಾಲೆ, ಆಸ್ಪತ್ರೆ, ಮದುವೆಯ ದಿಬ್ಬಣಗಳೆಲ್ಲ ದಶಕಗಳ ಕಾಲ ಯಾವ ಲಾಂಚಿನ ವೇಳೆಗೆ ಹೊಂದಿಕೊಂಡು ನಡೆದವೋ, ಆ ಲಾಂಚಿನ ಕಥೆಯನ್ನು ಬಲ್ಲವರು ಇರುವಾಗಲೇ ಬರೆದಿಡಬೇಕು. ಶರಾವತಿಯ ಇತರ ಕಡವುಗಳಿಗೂ, ಎಂದರೆ ದೋಣಿ, ಲಾಂಚುಗಳಲ್ಲಿ ನೀರು ದಾಟುವ ಜಾಗಗಳಿಗೂ, ಈ ಮಾತು ಅನ್ವಯಿಸುತ್ತದೆ.

ಇಡೀ ಹಿನ್ನೀರನ್ನು ಒಮ್ಮೆಲೇ ಕೈಗೆತ್ತಿಕೊಳ್ಳದೆ ಒಂದೇ ಕಡವನ್ನು ಆರಿಸಿಕೊಳ್ಳಿ. ಅಲ್ಲಿಗೆ ಮಳೆಗಾಲ ಮುಗಿದ ಮೇಲೆ ಒಮ್ಮೆ, ಮೇ ತಿಂಗಳಿನಲ್ಲಿ ಇನ್ನೊಮ್ಮೆ ಹೋಗಿ. ಈ ಹಿನ್ನೀರಿಗೆ ಕಾರಣವಾದ ಲಿಂಗನಮಕ್ಕಿ ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ನೀರು ಇಳಿದಂತೆ ದಡವೂ ದೂರ ಸರಿಯುವುದರಿಂದ ಹಿನ್ನೀರಿನ ಕಡವು ವರ್ಷವಿಡೀ ಒಂದೇ ಜಾಗದಲ್ಲಿ ಇರುವುದಿಲ್ಲ. ಹಾಗಾಗಿ "ಲಾಂಚು ಇಲ್ಲೇ ನಿಲ್ಲುತ್ತಿತ್ತು" ಎಂದು ಇಬ್ಬರು ಹಿರಿಯರು ಎರಡು ಬೇರೆ ಜಾಗಗಳನ್ನು ತೋರಿಸಿದರೆ ಯಾರೊಬ್ಬರನ್ನೂ ತಿದ್ದಲು ಹೋಗಬಾರದು. ಅದು ಯಾವ ತಿಂಗಳ ಮಾತು ಎಂದು ಕೇಳಿದರೆ ಹೆಚ್ಚಿನ ಸಲ ಇಬ್ಬರ ಮಾತೂ ಸರಿಯಾಗಿರುತ್ತದೆ.

ಕಾಲ ನಿರ್ಣಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. "ಡ್ಯಾಮ್ ಬಂದಾಗ" ಎಂಬ ಮಾತು ಬಂದ ಕೂಡಲೇ ಯಾವ ಡ್ಯಾಮ್ ಎಂದು ಕೇಳಿ. ಜೋಗದ ವಿದ್ಯುತ್ತಿಗಾಗಿ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1940ರ ದಶಕದ್ದು. ಅದನ್ನೂ ಮುಳುಗಿಸಿದ ಲಿಂಗನಮಕ್ಕಿ 1964ರದ್ದು. ಎರಡು ಮುಳುಗಡೆಗಳನ್ನು ಒಂದೆಂದು ಬರೆದರೆ ಒಂದು ತಲೆಮಾರಿನ ಅನುಭವವೇ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಇಸವಿ ನೆನಪಿಲ್ಲದವರನ್ನು ಇಸವಿಗಾಗಿ ಕಾಡುವುದಕ್ಕಿಂತ, ಆಗ ಮನೆಯಲ್ಲಿ ಯಾರ ಮದುವೆಯಾಗಿತ್ತು, ಹಿರಿಯ ಮಗು ಶಾಲೆಗೆ ಸೇರಿತ್ತೇ ಎಂದು ವಿಚಾರಿಸುವುದು ಲೇಸು. ಮುಳುಗಡೆಯವರಲ್ಲಿ ಬಹಳಷ್ಟು ಜನ ಜಿಲ್ಲೆಯ ಬೇರೆ ಬೇರೆ ಕಡೆಗಳಿಗೆ ಚದುರಿಹೋಗಿದ್ದಾರಾದ್ದರಿಂದ, ಕಡವಿನ ಅರ್ಧ ಚರಿತ್ರೆಯನ್ನು ಕಡವಿನಿಂದ ದೂರದ ಊರುಗಳಲ್ಲಿಯೇ ಹುಡುಕಬೇಕಾಗುತ್ತದೆ.

ಲಾಂಚು ನಡೆಸಿದವರೊಂದಿಗೆ ಸಾವಧಾನವಾಗಿ ಕುಳಿತುಕೊಳ್ಳಿ. ಬಸ್ಸನ್ನು ಯಾವ ಕ್ರಮದಲ್ಲಿ ಹತ್ತಿಸುತ್ತಿದ್ದರು, ಮಂಜು ಕವಿದ ಬೆಳಗಿನಲ್ಲಿ ದಿಕ್ಕು ಹೇಗೆ ಹಿಡಿಯುತ್ತಿದ್ದರು, ನೀರಿನಡಿಯ ಮರದ ಬೊಡ್ಡೆಗಳು ಎಲ್ಲೆಲ್ಲಿದ್ದವು, ಕೊನೆಯ ಲಾಂಚು ತಪ್ಪಿದ ರಾತ್ರಿ ಹೆರಿಗೆಯ ಹೆಣ್ಣುಮಗಳನ್ನು ಹೇಗೆ ದಾಟಿಸಿದರು ಎಂಬುದೆಲ್ಲ ಯಾವ ಕಡತದಲ್ಲಿಯೂ ಸಿಗದು. ದಡದಲ್ಲಿ ಚಹಾದಂಗಡಿ ಇಟ್ಟುಕೊಂಡಿದ್ದವರನ್ನೂ ಮರೆಯಬೇಡಿ. ಕಾಯುವ ಜನರನ್ನು ಅವರಷ್ಟು ಕಂಡವರು ಬೇರೆ ಯಾರೂ ಇಲ್ಲ.

ಲಿಖಿತ ಆಧಾರಗಳ ಪೈಕಿ ತಾಲ್ಲೂಕು ಕಚೇರಿಯಲ್ಲಿ ದೊರೆಯಬಹುದಾದ ಹಳೆಯ ಗ್ರಾಮನಕ್ಷೆ ಮೊದಲನೆಯದು. ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟ ಸಾಗರ, ಸೊರಬ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಒಳಗೊಂಡಿದೆ. ಮುಳುಗಿದ ಊರುಗಳ ಹೆಸರಿಗಾಗಿ ಅದನ್ನು ತಿರುವಿಹಾಕಬೇಕು.

ಊರಿನ ಅಭಿಮಾನದಿಂದ ಹುಟ್ಟುವ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ ಎಂಬ ಕಾರಣಕ್ಕೆ, ಕಡಲಿನ ದೋಣಿಗಳು ನಮ್ಮ ಕಡವಿಗೂ ಬರುತ್ತಿದ್ದವು ಎಂದು ಬರೆಯುವವರಿದ್ದಾರೆ. ನಡುವೆ 253 ಮೀಟರ್ ಎತ್ತರದ ಜೋಗ ಇರುವಾಗ ಅದು ಸಾಧ್ಯವಿರಲಿಲ್ಲ. 1623ರಲ್ಲಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಯ ತನಕ ಬಂದು, ಅಲ್ಲಿಂದ ಮುಂದೆ ಘಟ್ಟ ಹತ್ತಿದ. ಘಟ್ಟದ ಮೇಲಿನ ಹೊಳೆ ದಾಟುವ ದೋಣಿಯ ಕಥೆಯೇ ಬೇರೆ; ಅದನ್ನು ಅದರಷ್ಟಕ್ಕೇ ಬರೆಯಿರಿ.

ತೆಗೆದ ಪ್ರತಿ ಛಾಯಾಚಿತ್ರದ ಹಿಂದೆ ದಿನಾಂಕದ ಜೊತೆಗೆ ಅಂದಿನ ಜಲಾಶಯದ ಮಟ್ಟವನ್ನೂ ಬರೆದಿಡಿ. ಪತ್ರಿಕೆಗಳಲ್ಲಿ ಮಳೆಗಾಲದುದ್ದಕ್ಕೂ ಅದು ಅಚ್ಚಾಗುತ್ತಿರುತ್ತದೆ.