ರಿಯೋ ಎಲೆಯಲ್ಲಿ ಪತ್ರರಂಧ್ರಗಳ ಕೆಲಸವನ್ನು ಕಂಡದ್ದು: ನನ್ನ ಅನುಭವ

ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಪಾಠ ಮಾಡುವ ನಾನು ಪತ್ರರಂಧ್ರಗಳ (ಗಾಳಿ, ನೀರಾವಿ ಹಾದುಹೋಗುವ ಎಲೆಯ ಸೂಕ್ಷ್ಮ ತೂತುಗಳ) ಪ್ರಯೋಗಕ್ಕೆ ಸಿದ್ಧ ಸ್ಲೈಡುಗಳನ್ನು ಬಳಸುವುದಿಲ್ಲ. ಅವುಗಳಲ್ಲಿ ರಂಧ್ರದ ಆಕಾರ ಕಾಣುತ್ತದೆಯೇ ಹೊರತು ಅದರ ಕೆಲಸ ಕಾಣುವುದಿಲ್ಲ. ಅಲಂಕಾರಕ್ಕೆಂದು ಕುಂಡಗಳಲ್ಲಿ ಬೆಳೆಸುವ ರಿಯೋ ಗಿಡವೇ ಈ ಕೆಲಸಕ್ಕೆ ಉತ್ತಮ. ಅದರ ಎಲೆಯ ತಳಭಾಗದ ನೇರಳೆ ಬಣ್ಣಕ್ಕೆ ಹೊರಪದರದ ಕೋಶಗಳ ರಸದಾನಿಯಲ್ಲಿ (ರಸ ತುಂಬಿದ ಚೀಲದಲ್ಲಿ) ಇರುವ ಆಂಥೋಸಯನಿನ್ ಎಂಬ ಬಣ್ಣದ ವಸ್ತು ಕಾರಣ. ರಂಧ್ರದ ಎರಡು ಬದಿಗಿದ್ದು ಅದನ್ನು ತೆರೆದು ಮುಚ್ಚುವ ಕಾವಲು ಕೋಶಗಳಲ್ಲಿ ಆ ಬಣ್ಣವಿಲ್ಲದೆ ಹಸಿರು ಕ್ಲೋರೋಪ್ಲಾಸ್ಟುಗಳಿರುವುದರಿಂದ, ಯಾವ ವರ್ಣಕವನ್ನೂ ಹಾಕದೆಯೇ ಅವು ಜೋಡಿಜೋಡಿಯಾಗಿ ಎದ್ದು ಕಾಣುತ್ತವೆ.

ಹಿಂದಿನ ಸಂಜೆ ಗಿಡಕ್ಕೆ ಚೆನ್ನಾಗಿ ನೀರು ಹಾಕಿ, ಬೆಳಿಗ್ಗೆ ಕೆಲಹೊತ್ತು ಬೆಳಕಿನಲ್ಲಿಟ್ಟ ಮೇಲೆಯೇ ಎಲೆ ಕೀಳುತ್ತೇನೆ. ಬೆಳಕು ಬಿದ್ದಾಗ ಕಾವಲು ಕೋಶಗಳು ಪ್ರೋಟಾನುಗಳನ್ನು ಹೊರದಬ್ಬಿ ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆದುಕೊಳ್ಳುತ್ತವೆ, ಅವುಗಳ ಹಿಂದೆಯೇ ನೀರು ಬರುತ್ತದೆ, ಉಬ್ಬಿದ ಕೋಶಗಳು ತಮ್ಮ ಭಿತ್ತಿಯ ವಿಶಿಷ್ಟ ರಚನೆಯಿಂದಾಗಿ ಹೊರಕ್ಕೆ ಬಾಗಿ ನಡುವೆ ಕಂಡಿ ತೆರೆಯುತ್ತದೆ. ಬಾಡಿದ ಗಿಡದಲ್ಲಿ ಇದನ್ನು ಹುಡುಕುವುದು ವ್ಯರ್ಥ, ಏಕೆಂದರೆ ಅಲ್ಲಿ ಅಬ್ಸಿಸಿಕ್ ಆಮ್ಲವೆಂಬ ಸಸ್ಯ ಹಾರ್ಮೋನು ಪೊಟ್ಯಾಸಿಯಂ ಹೊರಹೋಗುವಂತೆ ಮಾಡಿ ರಂಧ್ರಗಳನ್ನು ಮುಚ್ಚಿಸಿರುತ್ತದೆ.

ಎಲೆಯನ್ನು ಓರೆಯಾಗಿ ಹರಿದಾಗ ಅಂಚಿನಲ್ಲಿ ಉಳಿಯುವ ತೆಳುಪೊರೆಯನ್ನು ನೀರಿನ ಹನಿಯಲ್ಲಿಡುತ್ತೇನೆ. ಕೈಪಿಡಿಗಳು ಹೇಳುವ ಗ್ಲಿಸರಿನ್ ಇಲ್ಲಿ ಬೇಡ, ಅದು ಕೋಶಗಳಿಂದ ನೀರನ್ನು ಸೆಳೆದುಬಿಡುತ್ತದೆ. ತೆರೆದ ರಂಧ್ರವೊಂದನ್ನು 400 ಪಟ್ಟು ವರ್ಧನೆಯಲ್ಲಿ ಹಿಡಿದುಕೊಂಡು, ಕವರ್‌ಸ್ಲಿಪ್ಪಿನ, ಅಂದರೆ ಪೊರೆಯ ಮೇಲೆ ಮುಚ್ಚಿದ ತೆಳುಗಾಜಿನ, ಒಂದು ಅಂಚಿಗೆ ಶೇಕಡಾ 5ರ ಉಪ್ಪಿನ ದ್ರಾವಣ ಹಾಕಿ, ಎದುರಿನ ಅಂಚಿನಿಂದ ಒತ್ತುಕಾಗದದಲ್ಲಿ ನೀರನ್ನು ಹೀರಿಸಿದರೆ, ನೇರಳೆ ರಸ ಕುಗ್ಗಿ ಭಿತ್ತಿಯಿಂದ ಬೇರ್ಪಡುತ್ತದೆ, ಕಾವಲು ಕೋಶಗಳು ಸಡಿಲಗೊಂಡು ಕಂಡಿ ಮುಚ್ಚುತ್ತದೆ. ಸುತ್ತಲಿನ ಕೋಶಗಳು ಮೊದಲು ಬಿಗಿ ಕಳೆದುಕೊಂಡರೆ ಕಂಡಿ ಮುಚ್ಚುವ ಮುನ್ನ ಕೊಂಚ ಅಗಲವಾಗುವುದೂ ಉಂಟು. ವಿದ್ಯಾರ್ಥಿಗಳು ಇದನ್ನು ಗಮನಿಸಿ ಪ್ರಶ್ನಿಸಿದರೆ ನನಗೆ ಸಂತೋಷ.

ಮಾವಿನಂತಹ ಗಡಸು ಎಲೆಯ ಪೊರೆ ಸುಲಿಯಲು ಬಾರದು. ಅದರ ತಳಭಾಗಕ್ಕೆ ಬಣ್ಣವಿಲ್ಲದ ಉಗುರುಬಣ್ಣ ಬಳಿದು, ಒಣಗಿದ ಮೇಲೆ ಸೆಲ್ಲೋಟೇಪಿನಿಂದ ಎತ್ತಿದರೆ ರಂಧ್ರಗಳ ಅಚ್ಚು ಸಿಗುತ್ತದೆ. ಎಣಿಕೆಗೆ ಅಷ್ಟು ಸಾಕು. ಗಿಡದಲ್ಲೇ ಇರುವ ಎಲೆಯ ಎರಡೂ ಬದಿಗೆ ತೇವ ತಗುಲಿದರೆ ನೀಲಿಯಿಂದ ಗುಲಾಬಿಗೆ ತಿರುಗುವ ಒಣಗಿದ ಕೋಬಾಲ್ಟ್ ಕ್ಲೋರೈಡ್ ಕಾಗದವನ್ನು ಗಾಜಿನ ತುಂಡುಗಳಿಂದ ಒತ್ತಿ ಹಿಡಿದಾಗ, ತಳಬದಿಯ ನೀಲಿ ಕಾಗದ ಬೇಗ ಗುಲಾಬಿಯಾಗುತ್ತದೆ. ರಂಧ್ರಗಳಿಲ್ಲದ ಮೇಲ್ಬದಿಯಲ್ಲಿ ಮೇಣದ ಹೊದಿಕೆಯ ಮೂಲಕ ಸೋರುವ ಅಲ್ಪ ತೇವಕ್ಕೆ ಬಣ್ಣ ಬದಲಾಗಲು ಬಹಳ ಹೊತ್ತು ಬೇಕು.