ಖಾಲಿ ಕುರ್ಚಿಯ ಪಕ್ಕದಲ್ಲಿ ಕುಳಿತು ಸಿಂಹಾಸನದ ಅಧ್ಯಾಯವನ್ನು ಓದುವ ಬಗೆ

ನಮ್ಮ ಮನೆಯ ಜಗಲಿಯಲ್ಲಿ ಬೆತ್ತದ ಒಂದು ಆರಾಮ ಕುರ್ಚಿ ಇದೆ. ಯಜಮಾನರು ತೀರಿಕೊಂಡು ಆರು ವರ್ಷಗಳಾದವು. ಅವರ ಬೆನ್ನು ಒರಗುತ್ತಿದ್ದ ಕಡೆ ಹೆಣಿಗೆ ತಗ್ಗಿದ್ದು ಇನ್ನೂ ಹಾಗೆಯೇ ಉಳಿದಿದೆ. ಮೊದಲ ವರ್ಷ ನಾನು ಆ ಕುರ್ಚಿಯನ್ನು ನೋಡಲಾರದೆ ಹಿಂಬಾಗಿಲಿನಿಂದ ಅಂಗಳಕ್ಕೆ ಇಳಿಯುತ್ತಿದ್ದೆ. ಆ ವರ್ಷವೇ ಒಂದು ಬೆಳಗಿನ ಜಾವ, ನಿದ್ದೆ ಬಾರದೆ ತೆರೆದ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಅದರ ಕೊನೆಯ ಪುಸ್ತಕವಾದ ಪ್ರಕಟನೆಯ 4ನೇ ಅಧ್ಯಾಯ ಕಣ್ಣಿಗೆ ಬಿತ್ತು. ಪರಲೋಕದಲ್ಲಿ ಒಂದು ಸಿಂಹಾಸನವಿತ್ತು, ಅದರ ಮೇಲೆ ಒಬ್ಬನು ಕುಳಿತಿದ್ದನು ಎನ್ನುತ್ತಾನೆ ತಾನು ಕಂಡ ದರ್ಶನವನ್ನು ಅದರಲ್ಲಿ ಬರೆದ ಯೋಹಾನ. ಕುಳಿತಿದ್ದನು ಎಂಬ ಆ ಮಾತಿನ ಮೇಲೆ ಬೆರಳಿಟ್ಟುಕೊಂಡು ಬೆಳಕು ಹರಿಯುವವರೆಗೂ ಹಾಗೆಯೇ ಇದ್ದೆ. ಜಗಲಿಯ ಕುರ್ಚಿ ಖಾಲಿಯಾಗಿತ್ತು, ಆ ಸಿಂಹಾಸನ ಖಾಲಿಯಾಗಿರಲಿಲ್ಲ.

ಉಡುಪಿಯ ಕಡೆ ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು ನಾನು. ಈಗ ನಮ್ಮ ಸಭೆಯ ಸ್ತ್ರೀಯರ ಕೂಟದವರ ಜೊತೆ ಕಾಯಿಲೆಯ ಮನೆಗಳಿಗೂ ಸಾವಿನ ಮನೆಗಳಿಗೂ ಹೋಗುತ್ತೇನೆ. "ಸಿಸ್ಟರ್, ಯಾವ ಭಾಗ ಓದಲಿ? ಓದಿದರೂ ಮನಸ್ಸಿಗೆ ಹತ್ತುವುದಿಲ್ಲವಲ್ಲ" ಎಂದು ಕೇಳುವವರಿಗೆ ನಾನು ಹೇಳಿಕೊಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಆದರಣೆಯನ್ನಷ್ಟೇ ಹುಡುಕಿಕೊಂಡು ಈ ಅಧ್ಯಾಯಕ್ಕೆ ಹೋಗಬೇಡಿ. ಇಲ್ಲಿ ಮೊದಲು ಬರುವುದು ಭಯಭಕ್ತಿ; ಆದರಣೆ ಅದರ ಕೈಹಿಡಿದುಕೊಂಡು ಹಿಂದಿನಿಂದ ಬರುತ್ತದೆ. ನಾನು ಎಷ್ಟೋ ದಿನ ತಲೆಕೆಳಗಾಗಿ ಓದಿ, ಕಣ್ಣೀರು ಒರೆಸುವ ವಚನಕ್ಕೆ ನೇರವಾಗಿ ಹಾರಿ, ಬರಿಗೈಯಲ್ಲಿ ಎದ್ದು ಬಂದಿದ್ದೇನೆ. ಒರೆಸುವ ಕೈ ಯಾರದೆಂದು ತಿಳಿಯುವ ಮೊದಲೇ ಮುಖ ಒಡ್ಡಿದ್ದೆ.

ಓದುವ ಹೊತ್ತು ಮನೆಯವರು ಏಳುವ ಮೊದಲಿನದಾದರೆ ಒಳ್ಳೆಯದು. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಗಟ್ಟಿಯಾಗಿ ಓದಿ. ಇದು ಕಣ್ಣಿನಲ್ಲಿ ಓದಿ ಮುಗಿಸುವುದಕ್ಕೆ ಬರೆದ ಪುಸ್ತಕವಲ್ಲ. ಓದುವವನೂ ಕೇಳುವವರೂ ಧನ್ಯರು ಎಂದು ಮೊದಲ ಅಧ್ಯಾಯದ 3ನೇ ವಚನವೇ ಹೇಳುತ್ತದೆ. ಒಬ್ಬನು ಓದುತ್ತಿದ್ದನು, ಸಭೆಯೆಲ್ಲ ಕೇಳುತ್ತಿತ್ತು. ನಿಮ್ಮ ದನಿ ನಿಮ್ಮ ಕಿವಿಗೆ ಬಿದ್ದರೆ ಸಾಕು.

ನೇರವಾಗಿ 4ನೇ ಅಧ್ಯಾಯದಿಂದ ಆರಂಭಿಸದೆ, ಮೊದಲ ದಿನ 1ನೇ ಅಧ್ಯಾಯದ 9ನೇ ವಚನವನ್ನು ಓದಿ. ಯೋಹಾನ ಎಲ್ಲಿದ್ದಾನೆ ನೋಡಿ. ಏಜಿಯನ್ ಸಮುದ್ರದ ಪತ್ಮೋಸ್ ಎಂಬ ಪುಟ್ಟ ದ್ವೀಪದಲ್ಲಿ, ದೇವರ ವಾಕ್ಯದ ನಿಮಿತ್ತ ಬಂದ ಸಂಕಟದಲ್ಲಿ. ರೋಮ್ ಚಕ್ರವರ್ತಿ ದೊಮಿಷಿಯನ್‌ನ ಆಳ್ವಿಕೆಯ ಕೊನೆಗೆ, ಕ್ರಿ.ಶ. 95ರ ಸುಮಾರಿಗೆ, ಈ ದರ್ಶನವಾಯಿತೆಂದು ಎರಡನೆಯ ಶತಮಾನದ ಸಭಾಪಿತೃ ಐರೇನಿಯಸನ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಅವನು ಈ ಪುಸ್ತಕವನ್ನು ಬರೆದು ಕಳುಹಿಸಿದ, ಎದುರಿನ ದಡದ ಏಳು ಸಭೆಗಳಲ್ಲಿ ಸ್ಮುರ್ನದವರು ಬಡತನದಲ್ಲಿದ್ದರು, ಸೆರೆಮನೆಯೂ ಅವರಿಗೆ ಕಾದಿತ್ತು. ಪೆರ್ಗಮದಲ್ಲಿ ಅಂತಿಪನೆಂಬ ಸಾಕ್ಷಿಯನ್ನು ಕೊಂದಿದ್ದರು. ಆ ಊರಿನಲ್ಲಿ ಸೈತಾನನ ಸಿಂಹಾಸನವಿದೆ ಎಂದೇ 2ನೇ ಅಧ್ಯಾಯದಲ್ಲಿ ಬರೆದಿದೆ. ಅಂಥ ಊರಿನಲ್ಲಿ ಬಾಗಿಲು ಹಾಕಿಕೊಂಡು ಕುಳಿತವರ ಕಿವಿಗೆ ಇನ್ನೊಂದು ಸಿಂಹಾಸನದ ಸುದ್ದಿ ಹೇಗೆ ಕೇಳಿಸಿರಬೇಕು! ಸುಖವಾಗಿದ್ದವರಿಗೆ ಬರೆದ ಪುಸ್ತಕವಲ್ಲ ಇದು. ನಿಮಗೆ ಬಂದಿರುವ ಕಷ್ಟ ಇದನ್ನು ಓದಲು ಅಡ್ಡಿಯೆಂದು ತಿಳಿಯಬೇಡಿ.

ಇನ್ನು 4ನೇ ಅಧ್ಯಾಯ. ಇರುವುದು ಹನ್ನೊಂದೇ ವಚನ. ನಾನು ಇದಕ್ಕೆ ಎರಡು ವಾರ ತೆಗೆದುಕೊಳ್ಳುತ್ತೇನೆ.

ಯೋಹಾನನ ಕಣ್ಣು ಹೋದ ಕ್ರಮದಲ್ಲಿಯೇ ನಿಮ್ಮ ಕಣ್ಣೂ ಹೋಗಲಿ. ತೆರೆದ ಬಾಗಿಲು, ಏರಿ ಬಾ ಎನ್ನುವ ದನಿ, ಸಿಂಹಾಸನ, ಅದರ ಮೇಲೆ ಕುಳಿತವನು. ಇಲ್ಲಿ ಸ್ವಲ್ಪ ನಿಲ್ಲಿ. ಕುಳಿತವನ ಮುಖ ಹೇಗಿತ್ತೆಂದು ಯೋಹಾನ ಹೇಳುವುದೇ ಇಲ್ಲ. ರತ್ನಗಳ ಹೊಳಪಿನಂತೆ ಇದ್ದನು ಎಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ. ಆದ್ದರಿಂದ ನೀವೂ ಮನಸ್ಸಿನಲ್ಲಿ ಚಿತ್ರ ಬಿಡಿಸಲು ಹೋಗಬೇಡಿ. ನಾನು ಭಾನುವಾರ ಶಾಲೆಯ ಗೋಡೆಯಲ್ಲಿದ್ದ ಬಿಳಿಗಡ್ಡದ ಅಜ್ಜನ ಪಟವನ್ನೇ ಐವತ್ತು ವರ್ಷ ಹೊತ್ತುಕೊಂಡು ತಿರುಗಿದವಳು. ಆ ಪಟವನ್ನು ಕೆಳಗಿಟ್ಟ ದಿನ ಮೈ ಜುಮ್ಮೆಂದಿತು. ಹೇಳಲಾರದ್ದನ್ನು ಹೇಳದೆ ಬಿಟ್ಟ ಯೋಹಾನನ ಮೇಲೆ ನನಗೆ ದೊಡ್ಡ ಗೌರವ.

ಆಮೇಲೆ ಮುಗಿಲುಬಿಲ್ಲು. ಇದು ಎಲ್ಲಿ ಬರುತ್ತದೆ ಎಂಬುದನ್ನು ಗಮನಿಸಿ. ಮಿಂಚು, ಗುಡುಗು ಬರುವುದು 5ನೇ ವಚನದಲ್ಲಿ. ಪಚ್ಚೆಯ ಬಣ್ಣದ ಬಿಲ್ಲು 3ನೇ ವಚನದಲ್ಲಿಯೇ ಸಿಂಹಾಸನವನ್ನು ಸುತ್ತಿಕೊಂಡು ನಿಂತಿದೆ. ಆದಿಕಾಂಡ 9ರಲ್ಲಿ ನೋಹನಿಗೆ ಪ್ರಳಯವೆಲ್ಲ ಇಳಿದ ಮೇಲೆ ಕಂಡದ್ದು ಯೋಹಾನನಿಗೆ ಗುಡುಗುವ ಮೊದಲೇ ಕಂಡಿತು. ಆ ಸಿಂಹಾಸನದಿಂದ ಹೊರಡುವ ಯಾವ ಗುಡುಗಾದರೂ ಈ ಬಿಲ್ಲನ್ನು ಹಾದುಕೊಂಡೇ ಬರಬೇಕು. ಯಜಮಾನರ ಬಯಾಪ್ಸಿ ವರದಿ ಬಂದ ದಿನ ನನಗೆ ಇದು ಗೊತ್ತಿದ್ದಿದ್ದರೆ ಆ ರಾತ್ರಿ ಬೇರೆ ರೀತಿಯಲ್ಲಿ ಪ್ರಾರ್ಥಿಸುತ್ತಿದ್ದೆ.

ಗಾಜಿನ ಸಮುದ್ರಕ್ಕೆ ಒಂದು ಇಡೀ ದಿನ ಕೊಡಿ. ಜೂನ್ ತಿಂಗಳಲ್ಲಿ ಮಲ್ಪೆಯ ಕಡಲನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ದೋಣಿ ಮರಳದ ಮನೆಯವರು ವಾರ್ಡಿನ ಹೊರಗೆ ಕುಳಿತಿರುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಯೋಹಾನನನ್ನು ತನ್ನ ಜನರಿಂದ ಬೇರೆ ಮಾಡಿದ್ದೂ ಅಂಥದೇ ಒಂದು ಸಮುದ್ರ. ಸಿಂಹಾಸನದ ಮುಂದೆ ಮಾತ್ರ ಅದು ಸ್ಫಟಿಕದಂತೆ ಅಲ್ಲಾಡದೆ ಮಲಗಿದೆ. ನಿಮ್ಮನ್ನು ನಡುಗಿಸುವ ಕಡಲು ಯಾವುದೆಂದು ಹೆಸರು ಹಿಡಿದು ಹೇಳಿ, ಅದನ್ನು ಅಲ್ಲಿ ಹಾಗೆ ಮಲಗಿರುವಂತೆ ನೋಡಿ. 21ನೇ ಅಧ್ಯಾಯಕ್ಕೆ ಬಂದಾಗ ಸಮುದ್ರವೇ ಇಲ್ಲವಾಗಿರುತ್ತದೆ. ಆದರೆ ಅಷ್ಟು ದೂರ ಈಗಲೇ ಓಡಬೇಡಿ.

ನಾಲ್ಕು ಜೀವಿಗಳ ವಿಷಯದಲ್ಲಿ ಬಹಳ ಮಂದಿ ತಡವರಿಸುತ್ತಾರೆ. ಸಿಂಹ, ಹೋರಿ, ಮನುಷ್ಯನ ಮುಖ, ಹಾರುವ ಹದ್ದು, ಆರಾರು ರೆಕ್ಕೆ, ಮೈತುಂಬ ಕಣ್ಣು. ಯಾವುದು ಯಾವುದರ ಗುರುತು ಎಂದು ಲೆಕ್ಕ ಹಾಕುವ ಕೆಲಸ ನನಗೆ ಹಿಡಿಸದು. ನಾನು ಹಿಡಿದುಕೊಂಡದ್ದು ಒಂದನ್ನೇ: ಅವು ಹಗಲೂ ಇರುಳೂ ಬಿಡುವಿಲ್ಲದೆ ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು ಎನ್ನುತ್ತಿರುತ್ತವೆ. ರಾತ್ರಿ ಪಾಳಿ ಮಾಡಿದವರಿಗೆ ಮೂರು ಗಂಟೆಯ ಹೊತ್ತು ಗೊತ್ತು. ಹೆಚ್ಚಿನ ಸಾವುಗಳನ್ನು ನಾನು ಕಂಡದ್ದು ಆ ಹೊತ್ತಿನಲ್ಲಿಯೇ. ವಿಧವೆಯಾದ ಮೇಲೆ ಎಚ್ಚರವಾಗುತ್ತಿದ್ದದ್ದೂ ಆ ಹೊತ್ತಿಗೇ. ಆಗ ಪ್ರಾರ್ಥನೆ ಎಲ್ಲಿಂದ ಶುರುಮಾಡಲಿ ಎಂದು ಒದ್ದಾಡುತ್ತಿದ್ದೆ. ಶುರುಮಾಡಬೇಕಾಗಿಯೇ ಇಲ್ಲ, ಅಲ್ಲಿ ಹಾಡು ನಡೆಯುತ್ತಲೇ ಇದೆ. ಎಚ್ಚರವಾದ ಕೂಡಲೇ ಆ ಮೂರು ಮಾತುಗಳನ್ನು ತುಟಿಯಲ್ಲಿ ಹೇಳಿ ಒಳಗೆ ಸೇರಿಕೊಳ್ಳಿ. ನಿದ್ದೆ ಹತ್ತಿದರೆ ನಿಲ್ಲಿಸಬಹುದು; ನಿಮ್ಮ ಪಾಲಿನದನ್ನೂ ಹಾಡುವವರು ಅಲ್ಲಿ ಇದ್ದಾರೆ.

ಕೊನೆಯದು ಹಿರಿಯರ ಕಿರೀಟ. ಸಿಂಹಾಸನದ ಸುತ್ತ ಕುಳಿತ ಇಪ್ಪತ್ತನಾಲ್ಕು ಮಂದಿ ಹಿರಿಯರು ಚಿನ್ನದ ಕಿರೀಟಗಳನ್ನು ತೆಗೆದು ಸಿಂಹಾಸನದ ಮುಂದೆ ಇಡುತ್ತಾರೆ. ನಮ್ಮಲ್ಲಿ ಪಾಳಿ ಮುಗಿದಾಗ ಬೀಗದ ಕೈ ಗೊಂಚಲನ್ನೂ ವರದಿ ಪುಸ್ತಕವನ್ನೂ ಮುಂದಿನ ಸಿಸ್ಟರ್ ಕೈಗೆ ಕೊಟ್ಟು ಹೋಗಬೇಕಾಗಿತ್ತು. ಕೊಟ್ಟ ಮೇಲೆ ಆ ವಾರ್ಡು ನಿಮ್ಮದಲ್ಲ. ನನಗೆ ಅದು ಕಷ್ಟವಾಗುತ್ತಿತ್ತು. ಗೇಟಿನವರೆಗೆ ಹೋಗಿ ಐದನೆಯ ಹಾಸಿಗೆಯ ಡ್ರಿಪ್ ನೋಡಲು ತಿರುಗಿ ಬರುತ್ತಿದ್ದೆ. ಈಗ ಈ ವಚನ ಬಂದಾಗ ಒಂದನ್ನು ಆರಿಸಿ, ಬಾಯಿಬಿಟ್ಟು ಹೇಳಿ ಇಡುತ್ತೇನೆ. ಮಗನ ಕೆಲಸದ ಚಿಂತೆ ಒಂದು ದಿನ, ನಾನಿಲ್ಲದೆ ಈ ಮನೆ ನಡೆಯುವುದಿಲ್ಲವೆಂಬ ಹಮ್ಮು ಇನ್ನೊಂದು ದಿನ. ಮೊಣಕಾಲು ಗಟ್ಟಿ ಇದ್ದವರು ಮೊಣಕಾಲೂರಿ. ನನಗೆ ಆಗುವುದಿಲ್ಲ, ತಲೆ ಬಾಗಿಸಿ ಅಂಗೈಗಳನ್ನು ಮೇಲ್ಮುಖವಾಗಿ ಮಡಿಲಲ್ಲಿ ಇಡುತ್ತೇನೆ.

ಇಷ್ಟಾದ ಮೇಲೆಯೇ 5ನೇ ಅಧ್ಯಾಯ. ಶೋಕದಲ್ಲಿರುವವರಿಗೆ ನಾನು ಮುಖ್ಯವಾಗಿ ಕೊಡಬೇಕೆಂದಿರುವುದು ಇಲ್ಲಿದೆ. ಏಳು ಮುದ್ರೆಗಳ ಸುರುಳಿಯನ್ನು ತೆರೆಯಲು ಯಾರೂ ಸಿಗದಾಗ ಯೋಹಾನ ಬಹಳವಾಗಿ ಅತ್ತನು. ಎಲ್ಲಿ ಅತ್ತನು? ಸಿಂಹಾಸನದ ಎದುರಿಗೇ. ಅಷ್ಟು ಮಹಿಮೆಯ ನಡುವೆ ಒಬ್ಬ ಮುದುಕನ ಅಳು ಕೇಳಿಸಿತು, ನಂಬಿಕೆ ಸಾಲದೆಂದು ಯಾರೂ ಅವನನ್ನು ಗದರಿಸಲಿಲ್ಲ. ಹಿರಿಯರಲ್ಲಿ ಒಬ್ಬನು ಹತ್ತಿರದಿಂದ ಅಳಬೇಡ ಎಂದನು, ಅದರ ಬೆನ್ನಿಗೇ ಕಾರಣವನ್ನೂ ಹೇಳಿದನು: ಯೂದ ಕುಲದ ಸಿಂಹ ಜಯಹೊಂದಿದ್ದಾನೆ. ಸಾವಿನ ಮನೆಗೆ ಹೋಗುವ ಅಕ್ಕತಂಗಿಯರಿಗೆ ನನ್ನದೊಂದು ವಿನಂತಿ. ಕಾರಣ ಹೇಳುವ ಧೈರ್ಯವಿಲ್ಲದಿದ್ದರೆ ಬರಿದೇ ಅಳಬೇಡಿ ಎಂದು ಹೇಳಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ದೇವರಿಗೆ ಒಳ್ಳೆಯ ಹೂವು ಬೇಕಾಗಿತ್ತು ಎಂಬಂಥ ಮಾತನ್ನಂತೂ ಆಡಲೇಬೇಡಿ. ಅಂಥ ಮಾತು ಸತ್ಯವೇದದಲ್ಲಿ ಎಲ್ಲಿಯೂ ಇಲ್ಲ.

ಸಿಂಹ ಎಂದು ಕೇಳಿಸಿಕೊಂಡ ಯೋಹಾನ ತಿರುಗಿ ನೋಡಿದಾಗ ಕಂಡದ್ದು ಕುರಿಮರಿ, ಅದೂ ಕೊಯ್ಯಲ್ಪಟ್ಟಂತೆ ಇದ್ದು ಎದ್ದು ನಿಂತ ಕುರಿಮರಿ. ಸಿಂಹವೂ ಕುರಿಮರಿಯೂ ಯೇಸುವೇ. ಗಾಯ ಅಲ್ಲಿಯೂ ಮಾಯವಾಗಿಲ್ಲ. ವರ್ಷಗಟ್ಟಲೆ ಹುಣ್ಣುಗಳಿಗೆ ಪಟ್ಟಿ ಕಟ್ಟಿದ ನನಗೆ ಈ ವಚನವನ್ನು ಬೇಗ ದಾಟಲು ಆಗುವುದಿಲ್ಲ. ಸೃಷ್ಟಿಯೆಲ್ಲ ಅಡ್ಡಬೀಳುವ ಸಿಂಹಾಸನದ ಮಧ್ಯದಲ್ಲಿ ಗಾಯದ ಗುರುತು ಇದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದ 16ನೇ ವಚನವನ್ನು ಇದರ ಜೊತೆಯಲ್ಲಿ ಓದಿ: ಅಲ್ಲಿ ಅದೇ ಆಸನಕ್ಕೆ ಕೃಪಾಸನ ಎಂದು ಹೆಸರು, ಧೈರ್ಯವಾಗಿ ಹತ್ತಿರ ಬನ್ನಿ ಎಂದು ಕರೆ.

ಪ್ರಕಟನೆ 5ನೇ ಅಧ್ಯಾಯದ 8ನೇ ವಚನದ ಚಿನ್ನದ ಧೂಪಪಾತ್ರೆಗಳನ್ನು ಬಿಡಬೇಡಿ. ಅವುಗಳಲ್ಲಿ ತುಂಬಿರುವುದು ದೇವಜನರ ಪ್ರಾರ್ಥನೆಗಳು. ಯಜಮಾನರು ಮಲಗಿದ್ದ ಹತ್ತು ತಿಂಗಳು ನಾನು ಮಾಡಿದ ಪ್ರಾರ್ಥನೆಗೆ ನಾನು ಕೇಳಿದ ಉತ್ತರ ಬರಲಿಲ್ಲ. ಅದಕ್ಕೆ ಸುಳ್ಳು ಸಮಾಧಾನ ನನ್ನಲ್ಲಿಲ್ಲ. ಆದರೆ ಅವು ಚೆಲ್ಲಿಹೋಗಲಿಲ್ಲ, ಆ ಪಾತ್ರೆಯಲ್ಲಿವೆ ಎಂದು ನಂಬುತ್ತೇನೆ. ಅದೇ ಪುಟದಲ್ಲಿ ಸಕಲ ಭಾಷೆಗಳವರೂ ಬರುತ್ತಾರೆ. ನಮ್ಮದು ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ಆ ರಾತ್ರಿಗಳಲ್ಲಿ ನಾನು ಬೇಡಿಕೊಂಡದ್ದೆಲ್ಲ ತುಳುವಿನಲ್ಲಿ. ಅಲ್ಲಿ ಅದನ್ನು ಯಾರೂ ಅನುವಾದ ಮಾಡಬೇಕಾಗಿಲ್ಲ.

ಬೇಕೆನಿಸಿದವರು ಹಳೆಯ ಒಡಂಬಡಿಕೆಯ ಎರಡು ದರ್ಶನಗಳನ್ನೂ ಓದಬಹುದು. ಯೆಶಾಯ 6ರಲ್ಲಿ ಅರಸನಾದ ಉಜ್ಜೀಯನು ಸತ್ತ ವರ್ಷ. ಊರಿನ ಸಿಂಹಾಸನ ತೆರವಾದ ಆ ವರ್ಷವೇ ಪ್ರವಾದಿಗೆ ಉನ್ನತ ಸಿಂಹಾಸನ ಕಂಡಿತು. ಯೆಹೆಜ್ಕೇಲ 1ರಲ್ಲಿ ದೇವಾಲಯದಿಂದ ಬಹುದೂರ, ಬಾಬೆಲಿನ ಕೆಬಾರ್ ನದಿಯ ಹತ್ತಿರ, ಸೆರೆಯವರ ನಡುವೆ. ಅಲ್ಲಿಯ ಸಿಂಹಾಸನಕ್ಕೆ ಚಕ್ರಗಳಿವೆ, ಅದು ಜನರಿದ್ದಲ್ಲಿಗೆ ಬರುತ್ತದೆ. ಮಕ್ಕಳ ಮನೆಯೆಂದು ದುಬೈಗೋ ಬೆಂಗಳೂರಿಗೋ ಹೋಗಿ ಸಭೆಯಿಂದ ದೂರವಾದ ಹಿರಿಯರಿಗೆ ನಾನು ಇದನ್ನೇ ಓದಲು ಹೇಳುತ್ತೇನೆ.

ರೋಗಿಯ ಹಾಸಿಗೆಯ ಪಕ್ಕದಲ್ಲಿ ಓದುವಾಗ ಮಾತ್ರ ಬೇರೆ ಎಚ್ಚರಿಕೆ ಬೇಕು. ಕೇಳಬೇಕೆಂಬ ಮನಸ್ಸು ಅವರಿಗಿದೆಯೇ ಎಂದು ಮೊದಲು ಕೇಳಿ. ಬೇರೆ ಮತದವರಾದರೆ ಅವರಾಗಿ ಕರೆಯದೆ ಓದಬೇಡಿ. ಪ್ರಕಟನೆಯ 6ನೇ ಮತ್ತು 9ನೇ ಅಧ್ಯಾಯಗಳ ಕುದುರೆ, ಮಿಡತೆಗಳು ಆ ಹೊತ್ತಿಗಲ್ಲ. 13ನೇ ಅಧ್ಯಾಯದ ಮೃಗದ ಸಂಖ್ಯೆಯಾದ 666ರ ಲೆಕ್ಕವಂತೂ ಯಾವ ಹೊತ್ತಿಗೂ ಬೇಡ, ಅದರಿಂದ ಭಯ ಹೆಚ್ಚಿತೇ ಹೊರತು ಭಕ್ತಿ ಹೆಚ್ಚಿದ್ದನ್ನು ನಾನು ಕಂಡಿಲ್ಲ. 4ನೇ ಅಧ್ಯಾಯದ 8ನೇ ವಚನ, ಆಮೇಲೆ 7ನೇ ಅಧ್ಯಾಯದ ಕೊನೆಯ ಮೂರು ವಚನಗಳು ಸಾಕು. ಉಸಿರು ಎಳೆಯುತ್ತಿರುವವರಿಗೆ ಅವರ ಉಸಿರಿನ ಗತಿಯಲ್ಲಿ ಓದಿ. ಪ್ರಜ್ಞೆ ತಪ್ಪಿದವರಿಗೂ ಓದಿ, ಕೇಳುವ ಶಕ್ತಿ ಬಹಳ ಹೊತ್ತು ಉಳಿದಿರಬಹುದು.

ಓದಿದ ಮೇಲೆ ಏನೂ ಅನಿಸದ ದಿನಗಳು ಬರುತ್ತವೆ. ಆಗ 8ನೇ ಅಧ್ಯಾಯದ ಮೊದಲ ವಚನವನ್ನು ನೆನೆಯಿರಿ: ಪರಲೋಕದಲ್ಲಿಯೇ ಸುಮಾರು ಅರ್ಧ ಗಂಟೆ ನಿಶ್ಶಬ್ದವಾಯಿತು. ಗಡಿಯಾರ ನೋಡದೆ ಅಷ್ಟು ಹೊತ್ತು ಸುಮ್ಮನೆ ಕುಳಿತು ಏಳಿ. ನಾನು ಈಗ ಜಗಲಿಯಲ್ಲಿ, ಆ ಕುರ್ಚಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಐದೂವರೆಗೆ ಹಾಲಿನವನು ಗೇಟು ತೆರೆಯುವವರೆಗೆ ಯಾರ ಸದ್ದೂ ಇರುವುದಿಲ್ಲ.

ಇನ್ನು ಭಾನುವಾರ. ಕರ್ತನ ಭೋಜನದ ಆರಾಧನೆಯಲ್ಲಿ ಸಭಾಪಾಲಕರು ದೇವದೂತರನ್ನೂ ಪರಲೋಕದ ಸಮಸ್ತ ಗಣವನ್ನೂ ಹೆಸರಿಸಿ, ಅವರೊಡನೆ ನಾವೂ ಸ್ತುತಿಸುತ್ತೇವೆ ಎಂದು ಹೇಳಿ, ಸಭೆಯೆಲ್ಲ ಪರಿಶುದ್ಧನು ಎಂದು ಎತ್ತಿಕೊಳ್ಳುವ ಘಳಿಗೆಯೊಂದಿದೆ. ವಾರವೆಲ್ಲ ಓದಿದ್ದು 4ನೇ ಅಧ್ಯಾಯವಾದರೆ ಆ ಘಳಿಗೆಯನ್ನು ತಪ್ಪಿಸಿಕೊಳ್ಳಬೇಡಿ. ಪುಸ್ತಕ ಮುಚ್ಚಿ, ತಲೆ ಎತ್ತಿ ಹಾಡಿ. ನಮ್ಮ ದೇವಾಲಯದಲ್ಲಿ ಎಡಗಡೆಯ ನಾಲ್ಕನೆಯ ಬೆಂಚಿನಲ್ಲಿ ನಾನು ಎದ್ದು ನಿಂತಾಗ ಬಲಕ್ಕೆ ಒಬ್ಬರ ಜಾಗ ಬಿಟ್ಟು ನಿಲ್ಲುತ್ತೇನೆ.